ಬೆಣ್ಣೆಯ ಬದಲಿಗೆ ಏನು, ಯಾವ ಭಾವದಿಂದ?

ಮೈಸೂರಿನ ಬೇಕರಿಗಳಲ್ಲಿ ‘ಎಗ್‌ಲೆಸ್’ ಎಂಬ ಚೀಟಿ ಇಂದು ಸಾಮಾನ್ಯ. ಮಕ್ಕಳ ಹುಟ್ಟುಹಬ್ಬಕ್ಕೆ ಕೇಕು ತರುವ ಜೈನ ಗೃಹಸ್ಥರು ಆ ಚೀಟಿಯನ್ನು ಕಂಡು ನಿಶ್ಚಿಂತರಾಗುತ್ತಾರೆ. ಮೊಟ್ಟೆಯ ಬಗ್ಗೆ ಎರಡೆರಡು ಸಲ ಕೇಳುವ ನಾವು ಬೆಣ್ಣೆಯ ಬಗ್ಗೆ ಕೇಳುವುದೇ ಇಲ್ಲ. ಈಚೆಗೆ ಸಸ್ಯಮೂಲದ ಬೆಣ್ಣೆಯೆಂಬ ಪದಾರ್ಥ ಅಂಗಡಿಗಳಿಗೆ ಬಂದಿದೆ. ಕಾಲೇಜಿಗೆ ಹೋಗುವ ಮೊಮ್ಮಕ್ಕಳು ಅದನ್ನೇ ತರಬೇಕೆಂದು ಹಟ ಹಿಡಿದರೆ, ಹಿರಿಯರು ಅದನ್ನು ಪರದೇಶದ ಗೀಳೆಂದು ತಳ್ಳಿಹಾಕುವುದುಂಟು. ಹಾಗೆ ತಳ್ಳುವ ಮೊದಲು ನಮ್ಮ ಶ್ರಾವಕಾಚಾರ ಗ್ರಂಥಗಳನ್ನು ಒಮ್ಮೆ ತೆರೆದು ನೋಡುವುದು ಒಳ್ಳೆಯದು. ಬೆಣ್ಣೆಯನ್ನು ಪ್ರಶ್ನಿಸಿದವರಲ್ಲಿ ಈ ಮಕ್ಕಳು ಮೊದಲಿಗರಲ್ಲ.

ಆಚಾರ್ಯ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಶ್ರಾವಕನು ಬಿಡಬೇಕಾದ ಪದಾರ್ಥಗಳನ್ನು ಹೆಸರಿಸುವಾಗ ಮೂಲಂಗಿ, ಹಸಿ ಶುಂಠಿ, ಬೇವಿನ ಹೂವು, ಕೇದಗೆಗಳ ಸಾಲಿನಲ್ಲಿಯೇ ನವನೀತವನ್ನೂ ಇರಿಸಿದ್ದಾರೆ. ಫಲ ಅಲ್ಪ, ಜೀವಘಾತ ಬಹಳ ಎಂಬುದು ಅವರು ಕೊಡುವ ಕಾರಣ. ಆಚಾರ್ಯ ಅಮೃತಚಂದ್ರರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಬೆಣ್ಣೆಯನ್ನು ಅಸಂಖ್ಯ ಜೀವಗಳ ಉತ್ಪತ್ತಿಸ್ಥಾನವೆಂದು ಕಂಡು ತ್ಯಾಜ್ಯವೆನ್ನುತ್ತಾರೆ. ಶ್ವೇತಾಂಬರ ಪರಂಪರೆಯಲ್ಲಂತೂ ಮದ್ಯ, ಮಾಂಸ, ಮಧುಗಳೊಡನೆ ಬೆಣ್ಣೆಯೂ ಮಹಾವಿಕೃತಿಗಳಲ್ಲಿ ಒಂದು. ಕಡೆದು ತೆಗೆದ ಬೆಣ್ಣೆಯನ್ನು ಅಂತರ್ಮುಹೂರ್ತದೊಳಗೆ, ಎಂದರೆ ೪೮ ನಿಮಿಷ ತುಂಬುವ ಮುನ್ನ, ಕಾಯಿಸಿ ತುಪ್ಪ ಮಾಡಬೇಕೆಂಬುದು ನಮ್ಮ ಮನೆಗಳ ಹಳೆಯ ಮರ್ಯಾದೆ. ತುಪ್ಪಕ್ಕೆ ಸಿಕ್ಕ ಸಮ್ಮತಿ ಬೆಣ್ಣೆಗೆ ಸಿಗಲಿಲ್ಲ. ಇಂದಿನ ಆಹಾರವಿಜ್ಞಾನದ ಮಾತಿನಲ್ಲಿ ಹೇಳುವುದಾದರೆ, ಬೆಣ್ಣೆಯಲ್ಲಿ ನೂರಕ್ಕೆ ೧೬ರವರೆಗೆ ನೀರಿನ ಅಂಶವಿರಬಹುದು. ಚೆನ್ನಾಗಿ ಕಾಯಿಸಿದ ತುಪ್ಪದಲ್ಲಿ ಅದು ಬಹುತೇಕ ಇರುವುದೇ ಇಲ್ಲ. ನೀರಿದ್ದಲ್ಲಿ ಸೂಕ್ಷ್ಮಜೀವಿಗಳಿಗೆ ನೆಲೆ. ತಿಂಗಳುಗಟ್ಟಲೆ ಶೀತಪೆಟ್ಟಿಗೆಯಲ್ಲಿ ಕುಳಿತ ಬೆಣ್ಣೆಯಿಂದ ಮಾಡಿದ ಬಿಸ್ಕತ್ತು, ಮೊಟ್ಟೆಯಿಲ್ಲವೆಂಬ ಒಂದೇ ಕಾರಣಕ್ಕೆ ಜೈನರಿಗೆ ಯೋಗ್ಯವಾಗುವುದು ಹೇಗೆ? (ಬ್ರೆಡ್ಡಿನ ಹುದುಗಿನ ಪ್ರಶ್ನೆ ಬೇರೆಯೇ ಇದೆ, ಅದನ್ನು ಇನ್ನೊಂದು ವಾರಕ್ಕೆ ಬಿಡೋಣ.)

ಇದು ಬೆಣ್ಣೆಯೊಳಗಿನ ಹಿಂಸೆಯ ಮಾತು. ಬೆಣ್ಣೆಯ ಹಿಂದಿನ ಹಿಂಸೆಯದು ಇನ್ನೊಂದು. ಅಹಿಂಸಾಣುವ್ರತಕ್ಕೆ ‘ತತ್ತ್ವಾರ್ಥಸೂತ್ರ’ವು ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೊರೆ ಹೊರಿಸುವುದು, ಅನ್ನನೀರು ತಡೆಯುವುದು. ಪಾಠಶಾಲೆಯಲ್ಲಿ ಇವನ್ನು ಬಾಯಿಪಾಠ ಮಾಡಿದವರು ನಮ್ಮಲ್ಲಿ ಬಹಳ ಮಂದಿ. ತಾಯಿಯ ಕೆಚ್ಚಲಿನಿಂದ ದೂರ ಕಟ್ಟಿದ ಕರುವಿನ ಮುಂದೆ ನಿಂತು ಅವುಗಳನ್ನು ನೆನೆದವರು ಎಷ್ಟು ಮಂದಿಯೋ ತಿಳಿಯದು. ಕರು ಕುಡಿದು ಉಳಿದದ್ದು ಮಾತ್ರ ಮನುಷ್ಯನ ಪಾಲು ಎಂಬ ಧರ್ಮ ನಡೆಯುವ ಕೊಟ್ಟಿಗೆ ಇಂದಿಗೂ ಅಲ್ಲಲ್ಲಿ ಇದ್ದೀತು. ಆದರೆ ಹಾಲಿನ ಪ್ರಮಾಣವೇ ಮುಖ್ಯವಾದ ವ್ಯವಸ್ಥೆಯಲ್ಲಿ ಕರು, ಅದರಲ್ಲೂ ಗಂಡು ಎಮ್ಮೆಗರು, ಬೇಡದ ಬಾಯಿ. ಒಂದು ಕಿಲೋ ಬೆಣ್ಣೆಗೆ ಬೇಕಾಗುವ ಹಾಲು ಸ್ವಲ್ಪವಲ್ಲ. ಇಪ್ಪತ್ತು ಲೀಟರಿನ ಆಸುಪಾಸು ಬೇಕು. ಆದುದರಿಂದ ಈ ಪ್ರಶ್ನೆ ಹಾಲಿಗಿಂತ ಬೆಣ್ಣೆಯಲ್ಲಿ ಹೆಚ್ಚು ಸಾಂದ್ರವಾಗಿದೆ.

ಹೀಗೆಂದ ಮಾತ್ರಕ್ಕೆ ಗೊಮ್ಮಟಗಿರಿಯಲ್ಲಿಯೋ ಶ್ರವಣಬೆಳಗೊಳದಲ್ಲಿಯೋ ನಡೆಯುವ ಕ್ಷೀರಾಭಿಷೇಕವನ್ನು ಆಕ್ಷೇಪಿಸುವುದು ಈ ಲೇಖನದ ಉದ್ದೇಶವಲ್ಲ. ಗುಳ್ಳಕಾಯಜ್ಜಿ ತಂದದ್ದು ಒಂದು ಗುಳ್ಳಕಾಯಿಯಲ್ಲಿ ಹಿಡಿಸುವಷ್ಟು ಹಾಲು ಎಂಬುದನ್ನು ಮಾತ್ರ ನೆನಪಿಸಿಕೊಳ್ಳಬೇಕು.

ಇಲ್ಲಿ ವಿದ್ವಾಂಸರು ಎತ್ತುವ ಆಕ್ಷೇಪವೊಂದಿದೆ, ಅದು ಹಗುರವಾದದ್ದಲ್ಲ. ಬದಲಿ ಪದಾರ್ಥವೆಂದರೆ ಮೂಲದ ಆಸೆಯನ್ನು ಉಳಿಸಿಕೊಂಡು ಹೆಸರನ್ನು ಮಾತ್ರ ಬದಲಿಸುವುದಲ್ಲವೇ? ಜನ್ನನು ೧೨೦೯ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯ ಹಿಟ್ಟಿನ ಕೋಳಿ ನಮಗೆಲ್ಲ ಗೊತ್ತು. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದ ಯಶೋಧರನು ಜೀವಂತ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟನು. ಅಷ್ಟಕ್ಕೇ ತಾಯಿ ಮಕ್ಕಳಿಬ್ಬರೂ ನಾಯಿ ನವಿಲುಗಳಿಂದ ಮೊದಲ್ಗೊಂಡು ಹಲವು ತಿರ್ಯಂಚ ಜನ್ಮಗಳಲ್ಲಿ ತೊಳಲಿದರು. ಅಲ್ಲಿ ಕೊಲ್ಲಲ್ಪಟ್ಟ ಜೀವವಿರಲಿಲ್ಲ, ಕೊಲ್ಲುವ ಸಂಕಲ್ಪವಿತ್ತು. ಮಾಂಸದ ರುಚಿ, ರೂಪ, ನಾರುಗಳನ್ನು ಅನುಕರಿಸಿ ಸೋಯಾದಿಂದ ಮಾಡುವ ತಿನಿಸುಗಳಿಗೆ ಈ ಎಚ್ಚರಿಕೆ ನೇರವಾಗಿ ಅನ್ವಯಿಸುತ್ತದೆಂದೇ ನನ್ನ ಅಭಿಪ್ರಾಯ. ಜೈನರ ಮನೆಯಲ್ಲಿ ಅವುಗಳಿಗೆ ಎಡೆಯಿರಬಾರದು. ಆದರೆ ಬೆಣ್ಣೆಯ ವಿಷಯ ಬೇರೆ. ಬೆಣ್ಣೆಯನ್ನು ಬಯಸುವವನ ಮನಸ್ಸಿನಲ್ಲಿ ವಧೆಯ ಚಿತ್ರವಿರುವುದಿಲ್ಲ. ಇರುವುದು ಜಿಡ್ಡಿನ ಮೇಲಣ ರಾಗ. ರಾಗವೂ ಬಂಧಕಾರಣವೇ ಹೌದು. ಆದರೂ ಅದು ಸಂಕಲ್ಪಹಿಂಸೆಯಲ್ಲ. ಹಿಂಸೆಯನ್ನು ಕಡಿಮೆ ಮಾಡುವ ಉದ್ದೇಶದಿಂದಲೇ ಸಸ್ಯಜನ್ಯ ಜಿಡ್ಡನ್ನು ಆರಿಸಿಕೊಂಡವನ ಭಾವ ಯಶೋಧರನ ಭಾವಕ್ಕೆ ತೀರ ವಿರುದ್ಧವಾದದ್ದು.

ಆ ರಾಗದ ಲೆಕ್ಕವನ್ನು ಮಾತ್ರ ಪ್ರತ್ಯೇಕವಾಗಿಯೇ ಇಡಬೇಕಾಗುತ್ತದೆ. ರಸಪರಿತ್ಯಾಗ ತಪದಲ್ಲಿ ಹೇಳುವ ಆರು ರಸಗಳು ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು. ತುಪ್ಪವೂ ಅಲ್ಲಿದೆ, ಎಣ್ಣೆಯೂ ಅಲ್ಲಿದೆ. ಬೆಣ್ಣೆ ಬಿಟ್ಟು ತೆಂಗಿನೆಣ್ಣೆಯಲ್ಲಿ ಕೇಕು ಮಾಡಿದವನು ಅಹಿಂಸಾವ್ರತವನ್ನು ಒಂದಿಷ್ಟು ಶುದ್ಧಗೊಳಿಸಿಕೊಂಡಾನು, ತಪಸ್ಸು ಮಾಡಿದಂತಾಗಲಿಲ್ಲ. ವೀಗನ್ ಕೇಕಿನ ಎರಡನೆಯ ತುಂಡಿಗೆ ಕೈಚಾಚುವಾಗ ಇದು ಕೊಂಚ ನೆನಪಿರಲಿ.

ಇನ್ನು ಅಂಗಡಿಯ ಪೊಟ್ಟಣ. ಸಸ್ಯದ್ದೆಂಬ ಹೆಸರನ್ನು ನಂಬಿ ಮೋಸಹೋದ ಇತಿಹಾಸ ನಮಗಿದೆ. ೧೯೩೭ರಲ್ಲಿ ಡಾಲ್ಡಾ ಬಂದಾಗ ಅದು ತುಪ್ಪದ ವೇಷದಲ್ಲಿಯೇ ಬಂದಿತು. ೧೯೮೩ರಲ್ಲಿ, ಆಮದು ಮಾಡಿದ ದನದ ಕೊಬ್ಬು ವನಸ್ಪತಿಯಲ್ಲಿ ಬೆರೆತಿದೆಯೆಂಬ ಸುದ್ದಿ ದೇಶದ ಶಾಕಾಹಾರಿಗಳನ್ನೆಲ್ಲ ತಲ್ಲಣಗೊಳಿಸಿತು. ಇಂದು ಟ್ರಾನ್ಸ್ ಕೊಬ್ಬಿಗೆ ಸರ್ಕಾರ ನೂರಕ್ಕೆ ೨ರ ಮಿತಿ ಹಾಕಿದೆ, ಕಾನೂನು ಬಿಗಿಯಾಗಿದೆ. ಆದರೂ ಓದಿ ನೋಡದೆ ಕೊಳ್ಳುವಂತಿಲ್ಲ. ಹಸಿರು ಚುಕ್ಕೆ ಹಾಲಿನ ಪದಾರ್ಥಕ್ಕೂ ಇರುತ್ತದೆ. ಕೆಲವು ಮಾರ್ಗರೀನ್‌ಗಳಲ್ಲಿ ಹಾಲಿನ ಪುಡಿ ಸೇರಿರುತ್ತದೆ. ಹಾಲಿನ ಅಂಶವೂ ಇಲ್ಲದ ಆಹಾರಕ್ಕೆ ೨೦೨೨ರ ನಿಯಮದಂತೆ ಬೇರೆಯೇ ಲಾಂಛನವಿದೆ, ಅದನ್ನು ಹುಡುಕಬೇಕು. ಎಣ್ಣೆ ನೀರುಗಳನ್ನು ಬೆರೆಸಲು ಹಾಕುವ ೪೭೧ ಎಂಬ ಸಂಖ್ಯೆಯ ಪದಾರ್ಥವನ್ನು ಸಸ್ಯದಿಂದಲೂ ಪ್ರಾಣಿಯಿಂದಲೂ ತಯಾರಿಸಬಹುದು. ತಾಳೆ ಎಣ್ಣೆಯಿದ್ದರೆ ಅದಕ್ಕಾಗಿ ಬೋರ್ನಿಯೊ, ಸುಮಾತ್ರಾಗಳಲ್ಲಿ ಕಡಿದ ಕಾಡು, ಅಲ್ಲಿ ನೆಲೆ ಕಳೆದುಕೊಂಡ ಒರಾಂಗುಟಾನ್‌ಗಳೂ ಲೆಕ್ಕಕ್ಕೆ ಬರಬೇಕು. ಪಂಚೇಂದ್ರಿಯ ಜೀವಿಯ ಘಾತವು ದೂರದ ದ್ವೀಪದಲ್ಲಾಯಿತೆಂಬ ಕಾರಣಕ್ಕೆ ಕಿರಿದಾಗುವುದಿಲ್ಲ.

ಇಷ್ಟೆಲ್ಲ ನೋಡಿದ ಮೇಲೆ, ಬೆಣ್ಣೆಯಂತೆ ನಟಿಸುವ ಪೊಟ್ಟಣಕ್ಕಿಂತ ಎಣ್ಣೆಯಾಗಿಯೇ ಇರುವ ಎಣ್ಣೆ ಮೇಲೆಂದು ನನಗೆ ತೋರುತ್ತದೆ. ಬೆಣ್ಣೆಯಲ್ಲಿ ಜಿಡ್ಡು ನೂರಕ್ಕೆ ೮೦ರಷ್ಟು. ಆದ್ದರಿಂದ ೧೦೦ ಗ್ರಾಂ ಬೆಣ್ಣೆಯ ಜಾಗದಲ್ಲಿ ೮೦ ಗ್ರಾಂ ಕಡಲೆಕಾಯಿ ಎಣ್ಣೆ ಅಥವಾ ತೆಂಗಿನೆಣ್ಣೆ, ಜೊತೆಗೆ ಒಂದೆರಡು ಚಮಚ ಕಾಯಿಹಾಲು ಸೇರಿಸಿದರೆ ಮನೆಯ ಕೇಕಿಗೆ ಸಾಕು. ಬಾಯಲ್ಲಿಟ್ಟರೆ ಕರಗುವ ಬಿಸ್ಕತ್ತಿಗೆ ಗಟ್ಟಿ ಜಿಡ್ಡು ಬೇಕು. ಅದಕ್ಕೆ ತೆಂಗಿನೆಣ್ಣೆ ೨೪ ಡಿಗ್ರಿಯ ಕೆಳಗೆ ತಾನೇ ಹೆಪ್ಪುಗಟ್ಟುತ್ತದೆ. ಧನುರ್ಮಾಸದ ಮೈಸೂರಿನ ಬೆಳಗಿನಲ್ಲಿ ಸೀಸೆಯಿಂದ ಹೊರಗೇ ಬರುವುದಿಲ್ಲ. ಮೈಸೂರು ಪಾಕಿಗೆ ಮಾತ್ರ ಬದಲಿ ಹುಡುಕುವ ಕೆಲಸ ಬೇಡವೆನ್ನುತ್ತೇನೆ. ಅದು ತುಪ್ಪದ ತಿನಿಸು. ಮರ್ಯಾದೆಯೊಳಗೆ ಕಾಯಿಸಿದ ಮನೆಯ ತುಪ್ಪ ದೊರೆತಾಗ ಮಾಡಿ, ಇಲ್ಲದಿದ್ದರೆ ಬಿಡಿ.

ಸಸ್ಯಜನ್ಯ ಬೆಣ್ಣೆ ಕನ್ನಡ ನಾಡಿಗೆ ಹೊಸತೆಂದು ಭಾವಿಸುವವರು ಉತ್ತರ ಕನ್ನಡದ ಕಡೆ ವಿಚಾರಿಸಬೇಕು. ಅಲ್ಲಿ ಉಪ್ಪಾಗೆ, ಮುರುಗಲು ಹಣ್ಣುಗಳ ಬೀಜವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲುವ ಜಿಡ್ಡನ್ನು ತೆಗೆದು ‘ಉಪ್ಪಾಗೆ ತುಪ್ಪ’, ‘ಮುರುಗಲ ತುಪ್ಪ’ ಎಂದು ಕರೆದು ಅಡುಗೆಗೆ ಬಳಸುವ ರೂಢಿಯಿದೆ. ಕಾರ್ಖಾನೆಯ ಹಂಗಿಲ್ಲದೆ ಅದು ಗಟ್ಟಿಯಾಗಿಯೇ ನಿಲ್ಲುತ್ತದೆ. ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ. ನೆಲದಿಂದ ಆಯ್ದ ಆ ಬೀಜಗಳಲ್ಲಿ ಹುಳುವಿರುವುದುಂಟು; ಒಂದೊಂದನ್ನೂ ಶೋಧಿಸಿ, ಜೀವವಿದ್ದದ್ದನ್ನು ಮರದ ಬುಡಕ್ಕೇ ಹಿಂತಿರುಗಿಸಿ, ಉಳಿದುದನ್ನು ಮಾತ್ರ ಒಲೆಗೆ ಏರಿಸಬೇಕು.