ಬಾನೆಟ್ಟಿನ ಅಡಿಯ ಅಡ್ಡದಂಡ

ಸ್ಪೋರ್ಟ್ಸ್ ಕಾರನ್ನು ಕೊಂಡವರಿಗೆ ಅದನ್ನು ಇದ್ದಂತೆಯೇ ಇರಗೊಡಲು ಮನಸ್ಸು ಬಾರದು. ಕಾರ್ಖಾನೆಯವರು ಬಿಟ್ಟುಹೋದ ಏನೋ ಒಂದು ಕೊರತೆ ಅದರಲ್ಲಿ ಅವರಿಗೆ ಕಾಣುತ್ತದೆ. ಅದನ್ನು ತುಂಬಿಕೊಡುತ್ತೇವೆಂದು ಮುಂದೆ ಬರುವ ವ್ಯಾಪಾರಿಗಳಿಗೂ ಬರವಿಲ್ಲ. ಹೀಗೆ ಕೊಳ್ಳುವ ಸಾಮಗ್ರಿಗಳಲ್ಲಿ ಬಹುಶಃ ಎಲ್ಲಕ್ಕಿಂತ ಸುಲಭವಾದುದು ಸ್ಟ್ರಟ್ ಬ್ರೇಸ್ ಎಂಬ ಅಡ್ಡದಂಡ. ಬಾನೆಟ್ಟನ್ನು ಎತ್ತಿ, ಎಂಜಿನ್ನಿನ ಎಡಬಲಗಳಲ್ಲಿರುವ ಎರಡು ಗೋಪುರಗಳ ತಲೆಯ ಮೇಲಿನ ನಟ್ಟುಗಳನ್ನು ಬಿಚ್ಚಿ, ದಂಡದ ಎರಡು ತುದಿಗಳನ್ನು ಅಲ್ಲಿ ಕೂರಿಸಿ, ನಟ್ಟುಗಳನ್ನು ಮತ್ತೆ ಬಿಗಿದರೆ ಕೆಲಸ ಮುಗಿಯಿತು. ಅರ್ಧ ಗಂಟೆಯೂ ಬೇಡ. ಸಾಲದುದಕ್ಕೆ, ಬಾನೆಟ್ ತೆರೆದೊಡನೆ ಹೊಳೆಯುವ ಈ ದಂಡ ಮಿತ್ರರ ಕಣ್ಣಿಗೆ ಮೊದಲು ಬೀಳುತ್ತದೆ.

ಇದನ್ನು ಹಾಕಿದರೆ ಕಾರು ತಿರುವುಗಳಲ್ಲಿ ಚುರುಕಾಗುತ್ತದೆ, ಸ್ಟಿಯರಿಂಗ್ ಹೇಳಿದ ಮಾತನ್ನು ಕೂಡಲೆ ಕೇಳುತ್ತದೆ ಎಂದು ಮಾರುವವರು ಹೇಳುತ್ತಾರೆ. ಕೊಂಡವರೂ ಅದನ್ನೇ ಹೇಳುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಈ ಮಾತು ಕೆಲವು ಕಾರುಗಳ ವಿಷಯದಲ್ಲಿ ನಿಜ, ಬಹು ಕಾರುಗಳ ವಿಷಯದಲ್ಲಿ ನಿಜವಲ್ಲ. ಯಾವುದರಲ್ಲಿ ನಿಜ, ಯಾವುದರಲ್ಲಿ ಅಲ್ಲ ಎಂಬುದನ್ನು ಹಣ ಕೊಡುವ ಮುನ್ನವೇ ತಿಳಿಯಬಹುದು. ಅದಕ್ಕೆ ಬೇಕಾದುದು ಚಕ್ರದ ಬಲ ಯಾವ ದಾರಿಯಲ್ಲಿ ಗಾಡಿಯ ಮೈಯನ್ನು ಸೇರುತ್ತದೆ ಎಂಬ ತಿಳಿವಳಿಕೆ.

ಅಮೆರಿಕದ ಯಂತ್ರಶಿಲ್ಪಿ ಅರ್ಲ್ ಮ್ಯಾಕ್‌ಫರ್ಸನ್ ಎರಡನೆಯ ಮಹಾಯುದ್ಧದ ತರುವಾಯ ಷೆವ್ರೊಲೆ ಸಂಸ್ಥೆಗಾಗಿ ಒಂದು ಸಣ್ಣ ಕಾರನ್ನು ರೂಪಿಸುತ್ತಿದ್ದನು. ಆ ಯೋಜನೆ 1947ರಲ್ಲಿ ನಿಂತುಹೋಯಿತು. ಆತ ಫೋರ್ಡ್ ಸಂಸ್ಥೆಯನ್ನು ಸೇರಿದನು. ಆತನ ಹೆಸರು ಹೊತ್ತ ಚಕ್ರಾಧಾರ 1950ರಲ್ಲಿ ಲಂಡನ್ನಿನ ಮೋಟಾರು ಪ್ರದರ್ಶನದಲ್ಲಿ ಕಾಣಿಸಿಕೊಂಡ ಬ್ರಿಟಿಷ್ ಫೋರ್ಡ್ ಕಾನ್ಸಲ್ ಮತ್ತು ಜೆಫಿರ್ ಕಾರುಗಳ ಮುಂಭಾಗದಲ್ಲಿತ್ತು. ಇದರಲ್ಲಿ ಸ್ಪ್ರಿಂಗು ಮತ್ತು ಷಾಕ್ ಅಬ್ಸಾರ್ಬರುಗಳು ಒಂದೇ ಉದ್ದನೆಯ ಕಂಬವಾಗಿ ನಿಂತಿರುತ್ತವೆ. ಈ ಕಂಬವೇ ಸ್ಟ್ರಟ್. ಅದರ ಕೆಳತುದಿಯನ್ನು ಒಂದು ತೋಳು ಹಿಡಿದಿರುತ್ತದೆ. ಮೇಲ್ತುದಿ ಗಾಡಿಯ ಮೈಯಿಂದಲೇ ಎದ್ದ ತಗಡಿನ ಗೋಪುರದ ನೆತ್ತಿಗೆ ಸೇರಿರುತ್ತದೆ. ಅಗ್ಗ, ಹಗುರ, ಜಾಗ ಕಡಿಮೆ: ಈ ಮೂರು ಗುಣಗಳಿಂದ ಅದು ಲೋಕವನ್ನೇ ವ್ಯಾಪಿಸಿತು. ನಮ್ಮ ವಾಚಕರಲ್ಲಿ ಹಲವರು ಮೊಟ್ಟಮೊದಲು ಕುಳಿತಿರಬಹುದಾದ ಮಾರುತಿ 800ರ ಮುಂಚಕ್ರಗಳ ಮೇಲೆ ನಿಂತಿದ್ದುದೂ ಇದೇ ಕಂಬ.

ಈಗ ಗಾಡಿ ಬಲಕ್ಕೆ ತಿರುಗುತ್ತಿದೆಯೆಂದು ಭಾವಿಸೋಣ. ರಸ್ತೆಯು ಟೈರುಗಳನ್ನು ಬಲಕ್ಕೆ ನೂಕುತ್ತದೆ. ಕಂಬದ ಕೆಳತುದಿಯ ಕೀಲು ನೆಲದಿಂದ 20 ಸೆಂಟಿಮೀಟರು ಎತ್ತರದಲ್ಲಿಯೂ, ಮೇಲ್ತುದಿ ಆ ಕೀಲಿನಿಂದ 60 ಸೆಂಟಿಮೀಟರು ಮೇಲೆಯೂ ಇದ್ದರೆ, ಕೀಲನ್ನು ಆನಿಕೆಯಾಗಿ ಮಾಡಿಕೊಂಡ ಸನ್ನೆಗೋಲಿನಂತೆ ಇಡೀ ಕಂಬ ವರ್ತಿಸುತ್ತದೆ. ಕೆಳಗೆ ಟೈರು ಬಲಕ್ಕೆ ನೂಕಲ್ಪಟ್ಟರೆ ಮೇಲೆ ಗೋಪುರದ ತಲೆ ಎಡಕ್ಕೆ ನೂಕಲ್ಪಡುತ್ತದೆ. ಅದರ ಪ್ರಮಾಣ ಟೈರಿನ ಬಲದ ಮೂರನೆಯ ಒಂದು ಪಾಲು. ಸಣ್ಣದೇನೂ ಅಲ್ಲ. ಗೋಪುರ ತಗಡಿನದು, ಅಷ್ಟಿಷ್ಟು ಬಾಗುವುದೂ ಸಹಜ. ಹಾಗಾದರೆ ಎರಡು ಗೋಪುರಗಳನ್ನು ಒಂದು ದಂಡದಿಂದ ಬಂಧಿಸುವುದು ವಿವೇಕವೇ ಅಲ್ಲವೆ?

ಇಲ್ಲಿಯೇ ಒಂದು ಸೂಕ್ಷ್ಮವಿದೆ. ಎಡ ಚಕ್ರವನ್ನು ಮಾತ್ರವೇ ಅಲ್ಲ, ಬಲ ಚಕ್ರವನ್ನೂ ರಸ್ತೆ ಬಲಕ್ಕೇ ನೂಕುತ್ತಿದೆ. ಆದ್ದರಿಂದ ಎರಡು ಗೋಪುರಗಳೂ ಎಡಕ್ಕೇ ವಾಲುತ್ತವೆ. ಇಬ್ಬರು ಕೈ ಕೈ ಹಿಡಿದು ಒಂದೇ ಕಡೆಗೆ ವಾಲಿದರೆ ಹಿಡಿದ ಕೈ ವಾಲುವುದನ್ನು ತಡೆಯಬಲ್ಲುದೆ? ಸಡಿಲಗೊಂಡ ಮೇಜಿನ ಎರಡು ಕಾಲುಗಳ ನಡುವೆ ಒಂದು ಅಡ್ಡಪಟ್ಟಿ ಬಡಿದು ನೋಡಿ. ಮೇಜನ್ನು ಪಕ್ಕಕ್ಕೆ ನೂಕಿದರೆ ಕಾಲುಗಳೆರಡೂ ಪಟ್ಟಿಯೊಡನೆ ಓಲಾಡುತ್ತವೆ. ಚೌಕಟ್ಟು ಓಲಾಡದಂತೆ ಮಾಡಬೇಕಾದರೆ ಮೂಲೆಯಿಂದ ಮೂಲೆಗೆ ಓರೆಯಾಗಿ ಪಟ್ಟಿ ಹೊಡೆಯಬೇಕೆಂದು ತೋಟದ ಬಾಗಿಲನ್ನು ಕಟ್ಟುವ ಯಾವ ಬಡಗಿಯೂ ಹೇಳಬಲ್ಲ. ತ್ರಿಕೋನ ಬಿಗಿ, ಚತುಷ್ಕೋನ ಸಡಿಲ. ನೇರ ಅಡ್ಡದಂಡ ಕಾಪಾಡುವುದು ಎರಡು ಗೋಪುರಗಳ ನಡುವಣ ಅಂತರವನ್ನು ಮಾತ್ರ. ತಿರುವಿನಲ್ಲಿ ಹೊರ ಚಕ್ರದ ಬಲ ಒಳ ಚಕ್ರದ್ದಕ್ಕಿಂತ ಹೆಚ್ಚಾಗಿರುವುದರಿಂದ ಆ ವ್ಯತ್ಯಾಸದ ಒಂದು ಭಾಗವನ್ನು ಅದು ಹಂಚಿಕೊಡುತ್ತದೆ, ನಿಜ. ಆದರೆ ಅದನ್ನು ಮಾರುವ ಕಾರಣವೇ ತಿರುವು. ತಿರುವಿನಲ್ಲಿಯೇ ಅದಕ್ಕೆ ಕೆಲಸ ಕಡಿಮೆ.

ದಂಡಕ್ಕೆ ಕೈತುಂಬ ಕೆಲಸ ದೊರೆಯುವುದು ಬೇರೆಡೆಯಲ್ಲಿ. ಟೈರು ನೆಲವನ್ನು ಒತ್ತುವ ಸ್ಥಳ ಕೆಳಕೀಲಿಗಿಂತ ಹೊರಗಿರುವುದರಿಂದ ಗಾಡಿಯ ಭಾರವೇ ಕಂಬದ ತಲೆಯನ್ನು ಒಳಕ್ಕೆ, ಎಂಜಿನ್ನಿನ ಕಡೆಗೆ, ನೂಕುತ್ತಿರುತ್ತದೆ. ಎರಡು ಚಕ್ರಗಳೂ ಒಟ್ಟಿಗೆ ಗುಂಡಿಗೆ ಬಿದ್ದಾಗ ಎರಡು ಗೋಪುರಗಳೂ ಒಂದನ್ನೊಂದು ಸಮೀಪಿಸಲು ಹವಣಿಸುತ್ತವೆ. ಆಗ ದಂಡ ನಡುವೆ ನಿಂತು ಒತ್ತನ್ನು ತಾಳುತ್ತದೆ. ಅಂದರೆ ಈ ಸಾಧನ ನುಣುಪಾದ ಪಂದ್ಯದ ಪಥಕ್ಕಿಂತ ಕೆಟ್ಟ ರಸ್ತೆಗೆ ಹೆಚ್ಚು ಸಲ್ಲುವಂಥದು.

ಇತಿಹಾಸವೂ ಇದನ್ನೇ ಹೇಳುತ್ತದೆ. ಫೋರ್ಡ್ ಮಸ್ಟಾಂಗ್ 1964ರ ಏಪ್ರಿಲ್ 17ರಂದು ಹೊರಬಂದಿತು. ಅದರ ಒಡಲು ಅಗ್ಗದ ಫಾಲ್ಕನ್ ಕಾರಿನಿಂದ ಬಂದುದು. ಅದರಲ್ಲಿದ್ದುದು ಮ್ಯಾಕ್‌ಫರ್ಸನ್ನನ ಕಂಬವಲ್ಲ. ಎರಡು ತೋಳುಗಳ ವ್ಯವಸ್ಥೆ. ಆದರೆ ಮೇಲ್ತೋಳನ್ನು ಗೋಪುರಕ್ಕೇ ಬಿಗಿದಿದ್ದರು. ಸ್ಪ್ರಿಂಗನ್ನು ಆ ತೋಳಿನ ಮೇಲೆ ನಿಲ್ಲಿಸಿ ಅದರ ತಲೆಯನ್ನು ಗೋಪುರದೊಳಗೆ ಆನಿಸಿದ್ದರು. ಚಕ್ರದ ಭಾರವೂ ಪಕ್ಕದ ನೂಕೂ ಎರಡೂ ಒಂದು ತಗಡಿನ ಗೋಪುರದ ಮೇಲೆ ಬಿದ್ದವು. ಹಳೆಯ ಮಸ್ಟಾಂಗುಗಳನ್ನು ದುರಸ್ತಿ ಮಾಡುವವರಿಗೆ ಗೋಪುರಗಳು ಕಾಲಕ್ರಮದಲ್ಲಿ ಒಳಕ್ಕೆ ಬಾಗಿರುವುದು ಚಿರಪರಿಚಿತ ರೋಗ. ಕಾರ್ಖಾನೆಯೇ ಪ್ರತಿ ಗೋಪುರದಿಂದ ಹಿಂದಿನ ತಗಡಿನ ಗೋಡೆಗೆ ಒಂದೊಂದು ಆಸರೆಪಟ್ಟಿ ಕೊಟ್ಟಿತ್ತು. ಹೊರದೇಶಗಳಿಗೆ ಕಳುಹಿಸುವ ಕಾರುಗಳಿಗೆ, ಅಲ್ಲಿನ ಒರಟು ರಸ್ತೆಗಳನ್ನು ನೆನೆದು, ಎರಡು ಗೋಪುರಗಳನ್ನೂ ಗೋಡೆಯನ್ನೂ ಒಟ್ಟಿಗೆ ಹಿಡಿಯುವ ಒಂದೇ ತುಂಡಿನ ಗಟ್ಟಿ ಆಸರೆಯನ್ನು ಹಾಕಿದರು. ಅದಕ್ಕೆ ರಫ್ತಿನ ಬ್ರೇಸ್ ಎಂದೇ ಹೆಸರು. ಗೋಪುರದಿಂದ ಗೋಪುರಕ್ಕೆ ಹಾಯುವ ನೇರ ದಂಡಕ್ಕೆ ಮಾಂಟೆ ಕಾರ್ಲೊ ದಂಡವೆಂದು ಹೆಸರಾಯಿತು. ಫಾಲ್ಕನ್ ಕಾರುಗಳು 1963 ಮತ್ತು 1964ರಲ್ಲಿ ಆ ಹೆಸರಿನ ರ‍್ಯಾಲಿಯಲ್ಲಿ ಓಡಿದ್ದವು. ಕ್ಯಾರೊಲ್ ಷೆಲ್ಬಿ 1965ರಲ್ಲಿ ಮಸ್ಟಾಂಗನ್ನು ಪಂದ್ಯಕ್ಕೆ ಸಿದ್ಧಗೊಳಿಸಿ ಜಿಟಿ350 ಎಂದು ಮಾರಿದಾಗ ರಫ್ತಿನ ಬ್ರೇಸನ್ನೂ ಮಾಂಟೆ ಕಾರ್ಲೊ ದಂಡವನ್ನೂ ಜೊತೆಯಾಗಿಯೇ ತೊಡಿಸಿದನು. ನೇರ ದಂಡವೊಂದೇ ಸಾಕೆಂದು ಆತ ಭಾವಿಸಲಿಲ್ಲ ಎಂಬುದನ್ನು ಇಂದಿನ ಕೊಳ್ಳುಗರು ಗಮನಿಸಬೇಕು. ಅದರೊಡನೆ ಮೇಲ್ತೋಳಿನ ಕೀಲನ್ನೂ ಒಂದು ಅಂಗುಲ ಕೆಳಕ್ಕೆ ಇಳಿಸಿದನು. ಆ ಕಾರು ತಿರುವಿನಲ್ಲಿ ಗಳಿಸಿದ ಕೀರ್ತಿಯಲ್ಲಿ ಕಣ್ಣಿಗೆ ಕಾಣದ ಆ ಒಂದು ಅಂಗುಲದ ಪಾಲು ದೊಡ್ಡದೆಂದು ನಮ್ಮ ಎಣಿಕೆ.

ಇದಕ್ಕೆ ಪ್ರತಿಯಾಗಿ 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5 ಕಾರನ್ನು ನೋಡಿ. ತೆರೆದ ತಲೆಯ, ಇಬ್ಬರು ಕೂರುವ ಈ ಪುಟ್ಟ ಗಾಡಿಗೆ ಮುಂದೆಯೂ ಹಿಂದೆಯೂ ಎರಡೆರಡು ತೋಳುಗಳು. ಮುಂದಿನ ತೋಳುಗಳು ಎರಡೂ ಕೆಳಗಿನ ಬಲವಾದ ಉಕ್ಕಿನ ಅಡ್ಡಚೌಕಟ್ಟಿಗೆ ಸೇರಿವೆ. ಪಕ್ಕದ ನೂಕು ಅಲ್ಲಿಯೇ ಮುಗಿದುಹೋಗುತ್ತದೆ. ಮೇಲಿನ ಗೋಪುರಕ್ಕೆ ತಲಪುವುದು ಸ್ಪ್ರಿಂಗಿನ ಮತ್ತು ಷಾಕ್ ಅಬ್ಸಾರ್ಬರಿನ ಒತ್ತು ಮಾತ್ರ, ಅದೂ ಬಹುಮಟ್ಟಿಗೆ ಮೇಲ್ಮುಖವಾಗಿ. ಅಲ್ಲಿ ಸ್ಟ್ರಟ್ ಎಂಬುದೇ ಇಲ್ಲ. ಆದರೂ ಆ ಕಾರಿಗೆಂದು ಬಗೆಬಗೆಯ ಸ್ಟ್ರಟ್ ಬ್ರೇಸುಗಳು ಮಾರಾಟವಾಗುತ್ತಲೇ ಬಂದಿವೆ! ತೆರೆದ ಗಾಡಿಯ ಮೈ ಮುಚ್ಚಿದ ಗಾಡಿಯದಕ್ಕಿಂತ ಹೆಚ್ಚು ತಿರುಚಿಕೊಳ್ಳುವುದರಿಂದ ಎಲ್ಲಿ ಏನನ್ನು ಬಿಗಿದರೂ ಕಿಂಚಿತ್ ಪ್ರಯೋಜನ ಇರಬಹುದು. ಆದರೆ ಅದರ ತಿರುಚುವಿಕೆಯ ಮೂಲ ಮಾಡಿಲ್ಲದ ನಡುಭಾಗದಲ್ಲಿದೆ, ಎಂಜಿನ್ನಿನ ಮೇಲಲ್ಲ.

ಇನ್ನು ದಂಡದ ಆಕಾರದ ವಿಷಯ. ಎಂಜಿನ್ ಅಡ್ಡ ಬರುವುದರಿಂದ ಹಲವು ದಂಡಗಳನ್ನು ಬಿಲ್ಲಿನಂತೆ ಬಾಗಿಸಿ ಮಾಡುತ್ತಾರೆ. ಒಂದು ಮೀಟರು ಉದ್ದದ, 25 ಮಿಲಿಮೀಟರು ಹೊರವ್ಯಾಸದ, 2 ಮಿಲಿಮೀಟರು ದಪ್ಪದ ಉಕ್ಕಿನ ಕೊಳವೆಯನ್ನು ತೆಗೆದುಕೊಳ್ಳಿ. ಎರಡು ತುದಿಗಳಿಂದ 200 ಕಿಲೋಗ್ರಾಮು ತೂಕದಷ್ಟು ಬಲದಿಂದ ಅದನ್ನು ಒತ್ತಿದರೆ, ಕೊಳವೆ ನೇರವಾಗಿದ್ದಲ್ಲಿ ಅದು ಕುಗ್ಗುವುದು ಸುಮಾರು 0.07 ಮಿಲಿಮೀಟರು. ಅದೇ ಕೊಳವೆಯ ನಡುಭಾಗ 80 ಮಿಲಿಮೀಟರು ಮೇಲೆದ್ದಿದ್ದು, ತುದಿಗಳು ಕೀಲುಗಳಾಗಿದ್ದರೆ ಅದೇ ಬಲಕ್ಕೆ ತುದಿಗಳು ಸುಮಾರು 3.5 ಮಿಲಿಮೀಟರು ಹತ್ತಿರವಾಗುತ್ತವೆ. ಲೋಹ ಅದೇ, ತೂಕ ಅದೇ. ಬಿಗಿತ ಐವತ್ತರಲ್ಲಿ ಒಂದು ಪಾಲು! ಉದ್ದವನ್ನು ಹೊಂದಿಸಲೆಂದು ತುದಿಗಳಿಗೆ ಹಿಂಜುಗಳನ್ನಿಟ್ಟ ಬಾಗಿದ ದಂಡ ನಮ್ಮ ದೃಷ್ಟಿಯಲ್ಲಿ ಒಂದು ದುಬಾರಿ ಸ್ಪ್ರಿಂಗು. ಅದಕ್ಕೆ ಕೆಂಪು ಬಣ್ಣ ಬಳಿದರೂ ನೀಲಿ ಬಣ್ಣ ಬಳಿದರೂ ಗಣಿತ ಬದಲಾಗದು.

ಲಾಭದ ಪ್ರಮಾಣವನ್ನೂ ನೋಡೋಣ. ಗೋಪುರದ ತಲೆ ಒಂದು ಮಿಲಿಮೀಟರು ಸರಿದರೆ, 60 ಸೆಂಟಿಮೀಟರು ಕಂಬದ ಲೆಕ್ಕದಲ್ಲಿ, ಚಕ್ರದ ಓರೆ ಬದಲಾಗುವುದು ಒಂದು ಡಿಗ್ರಿಯ ಹತ್ತನೆಯ ಒಂದು ಭಾಗ. ಅದೇ ತಿರುವಿನಲ್ಲಿ ಗಾಡಿಯ ಮೈ ಎರಡು ಮೂರು ಡಿಗ್ರಿ ವಾಲುತ್ತದೆ. ಕಂಬದ ವ್ಯವಸ್ಥೆಯಲ್ಲಿ ಆ ವಾಲುವಿಕೆಯ ಬಹುಭಾಗ ಚಕ್ರಕ್ಕೂ ತಗಲುತ್ತದೆ. ತೋಳುಗಳ ರಬ್ಬರಿನ ಬುಷ್ಷುಗಳು ಹಳೆಯದಾದರೆ ಅವುಗಳಿಂದಾಗುವ ಸಡಿಲವೂ ಇದಕ್ಕೆ ಸೇರುತ್ತದೆ. ಸವೆದ ಬುಷ್ಷನ್ನು ಬದಲಿಸದೆ, ಚಕ್ರಗಳ ಅಲೈನ್‌ಮೆಂಟನ್ನು ನೋಡಿಸದೆ, ಟೈರಿನ ಗಾಳಿಯನ್ನು ಅಳೆಯದೆ ದಂಡವನ್ನು ಕೊಳ್ಳುವವರು ಸೋರುವ ಮಾಡನ್ನು ಬಿಟ್ಟು ಹೊಸಿಲಿಗೆ ಬಣ್ಣ ಹಾಕಿದಂತೆ ಮಾಡುತ್ತಾರೆ.

“ಆದರೆ ನಮಗೆ ವ್ಯತ್ಯಾಸ ತಿಳಿಯಿತಲ್ಲ!” ಎಂದು ದಂಡ ಹಾಕಿಸಿದವರು ಹೇಳುತ್ತಾರೆ. ಅವರನ್ನು ಸುಳ್ಳುಗಾರರೆಂದು ನಾವು ಎಣಿಸುವುದಿಲ್ಲ. ಹಣ ಕೊಟ್ಟು, ಕೈಯಾರೆ ಬಿಗಿದು, ಕೂಡಲೆ ಹೊರಟವರು ಎಂದಿಗಿಂತ ಹೆಚ್ಚು ಗಮನವಿಟ್ಟು ಕಾರು ನಡೆಸುತ್ತಾರೆ. ಗಮನವಿಟ್ಟ ಕೈಗೆ ಸ್ಟಿಯರಿಂಗ್ ಚುರುಕೆನಿಸುವುದು ಆಶ್ಚರ್ಯವಲ್ಲ. ಔಷಧಗಳ ಪರೀಕ್ಷೆಯಲ್ಲಿ ರೋಗಿಗೆ ತಿಳಿಯದಂತೆ ಬರಿಯ ಸಕ್ಕರೆಯ ಗುಳಿಗೆ ಕೊಟ್ಟು ಹೋಲಿಸುವುದು ಈ ಕಾರಣದಿಂದಲೇ. ಕಾರಿನಲ್ಲಿಯೂ ಇದನ್ನು ಮಾಡಬಹುದು. ಮಿತ್ರನೊಬ್ಬ ನಾಣ್ಯ ಚಿಮ್ಮಿ ದಂಡವನ್ನು ಹಾಕಲಿ ಇಲ್ಲವೆ ತೆಗೆಯಲಿ, ಬಾನೆಟ್ ಮುಚ್ಚಲಿ; ಹತ್ತು ಸಲ ಹೀಗೆ ಓಡಿಸಿ, ಪ್ರತಿಸಲವೂ ದಂಡ ಇತ್ತೇ ಇಲ್ಲವೇ ಎಂದು ಬರೆದಿಡಿ. ಹತ್ತಕ್ಕೆ ಒಂಬತ್ತು ಸರಿಯಾದರೆ ನಾವು ವಾದವನ್ನು ಹಿಂತೆಗೆದುಕೊಳ್ಳುತ್ತೇವೆ.

ಕಾರ್ಖಾನೆಗಳೇ ಇಂಥ ದಂಡಗಳನ್ನು ಹಾಕುತ್ತವೆಯಲ್ಲ ಎಂಬ ಆಕ್ಷೇಪಣೆಯೂ ಉಂಟು. ಹಾಕುತ್ತವೆ. 2002ರ ನಿಸ್ಸಾನ್ 350ಜೆಡ್ ಕಾರಿನ ಹಿಂದಿನ ಸಾಮಾನಿನ ಜಾಗದ ನಟ್ಟನಡುವೆ ದಪ್ಪನೆಯ ದಂಡವೊಂದು ಹಾದುಹೋಗಿತ್ತು. ಪೆಟ್ಟಿಗೆ ಇಡಲು ಅದೇ ದೊಡ್ಡ ತೊಡಕು. ಆದರೆ ಅದು ಆ ಒಡಲಿನ ಜೊತೆಗೇ ಲೆಕ್ಕ ಹಾಕಿ ರೂಪಿಸಿದ ಅಂಗ. ಅಲ್ಲದೆ ಬಿಗಿತ ಹೆಚ್ಚಿದಷ್ಟೂ ಒಳ್ಳೆಯದೆಂಬ ನಂಬಿಕೆಯನ್ನು ತಯಾರಕರೇ ಈಗ ಪೂರ್ತಿಯಾಗಿ ಇಟ್ಟುಕೊಂಡಿಲ್ಲ. ಸುಬಾರು ಕಾರುಗಳಿಗೆ ಎಸ್‌ಟಿಐ ವಿಭಾಗ ಒದಗಿಸುವ ಒಂದು ದಂಡದ ನಡುವೆಯೇ ಗುಂಡುಕೀಲು ಇದೆ. ಅಡ್ಡ ಒತ್ತನ್ನು ಅದು ತಾಳುತ್ತದೆ, ಮೇಲೆ ಕೆಳಗೆ ಅಲುಗುವುದಕ್ಕೆ ಎಡೆಗೊಡುತ್ತದೆ. ಯಮಾಹಾದವರು ಗಾಡಿಯ ಮೈಗೆ ದಂಡದ ಬದಲು ಒಂದು ಬಗೆಯ ಷಾಕ್ ಅಬ್ಸಾರ್ಬರನ್ನೇ ಅಳವಡಿಸಿ ಕಂಪನವನ್ನು ತಗ್ಗಿಸುವ ದಾರಿ ಹಿಡಿದಿದ್ದಾರೆ.

ಇನ್ನೊಂದು ಮಾತನ್ನು ಮಾರುವವರು ಹೇಳುವುದಿಲ್ಲ. ಒಂದು ಕಡೆಯ ಚಕ್ರ ಕಲ್ಲಿಗೆ ಬಡಿದು ಗೋಪುರ ಬಾಗಿದರೆ, ಬಲವಾದ ದಂಡ ಆ ಪೆಟ್ಟನ್ನು ಇನ್ನೊಂದು ಗೋಪುರಕ್ಕೂ ಒಯ್ಯಬಲ್ಲುದು. ದುರಸ್ತಿಯ ವೆಚ್ಚ ಆಗ ಒಂದು ಕಡೆಯದಾಗಿ ಉಳಿಯದು.

ಹಾಗಾದರೆ ತಮ್ಮ ಕಾರಿಗೆ ದಂಡ ಬೇಕೋ ಬೇಡವೋ ಎಂಬುದನ್ನು ಅರಿಯುವ ಬಗೆ ಹೇಗೆ? ಒಂದರೊಳಗೊಂದು ಸಲೀಸಾಗಿ ಜಾರುವ ಎರಡು ಹಗುರ ಕೊಳವೆಗಳನ್ನು ತನ್ನಿ. ಎರಡು ಗೋಪುರಗಳ ತಲೆಯ ಬೋಲ್ಟುಗಳಿಗೆ, ಎಂಜಿನ್ನಿನ ಬೆಲ್ಟು ಮೊದಲಾದ ಚಲಿಸುವ ಭಾಗಗಳಿಂದ ದೂರವಾಗಿ, ಭದ್ರವಾಗಿ ಕಟ್ಟಿ. ಒಳಗಿನ ಕೊಳವೆಯ ಮೇಲೆ ಬಿಗಿಯಾದ ಒಂದು ರಬ್ಬರ್ ಉಂಗುರವನ್ನು, ಹೊರಗಿನ ಕೊಳವೆಯ ಬಾಯಿಗೆ ತಾಗುವಂತೆ, ಏರಿಸಿಡಿ. ಗೋಪುರಗಳು ಹತ್ತಿರವಾದರೆ ಹೊರಕೊಳವೆ ಉಂಗುರವನ್ನು ತಳ್ಳುತ್ತದೆ. ಅವು ಮತ್ತೆ ದೂರ ಸರಿದರೂ ಉಂಗುರ ತಳ್ಳಿದ ಕಡೆಯಲ್ಲಿಯೇ ನಿಲ್ಲುತ್ತದೆ. ದಿನವೂ ಓಡಿಸುವ ರಸ್ತೆಯಲ್ಲಿ ಒಂದು ವಾರ ಓಡಿಸಿ ಬಂದು ಬಾನೆಟ್ ಎತ್ತಿ, ಕೊಳವೆಯ ಬಾಯಿಗೂ ಉಂಗುರಕ್ಕೂ ನಡುವೆ ಎಷ್ಟು ಎಡೆಯಿದೆ ಎಂದು ಅಳೆಯಿರಿ. ನೇರ ದಂಡ ತಡೆಯಬಲ್ಲ ಒಳವಾಲು ಅಷ್ಟೇ, ಅದಕ್ಕಿಂತ ಹೆಚ್ಚಿಲ್ಲ. ಎಡೆ ಎರಡು ಮೂರು ಮಿಲಿಮೀಟರು ಇದ್ದರೆ ದಂಡದ ಅಂಗಡಿಗೆ ಹೋಗುವ ಮುಂಚೆ ಗೋಪುರದ ಬುಡದಲ್ಲಿ ತುಕ್ಕೋ ಬಿರುಕೋ ಇದೆಯೇ ಎಂದು ದೀಪ ಹಿಡಿದು ನೋಡಿಸಬೇಕು. ಉಂಗುರ ಕದಲದೆಯೇ ಇದ್ದರೆ ಆ ಹಣಕ್ಕೆ ಒಳ್ಳೆಯ ಟೈರುಗಳು ಬರುತ್ತವೆ.