ಬಿರುಗಾಳಿಯ ಮರುದಿನ



ಬಿರುಗಾಳಿಯು ಒಂದೆರಡು ಇರುಳಿನಲ್ಲಿ ಹಾದುಹೋಗುತ್ತದೆ; ಅದು ಉಳಿಸಿಹೋದ ಕೆಲಸವು ಹಿತ್ತಲಿನಲ್ಲಿ ಬಹುದಿನ ನಿಲ್ಲುತ್ತದೆ. ಮನಸ್ಸಿನಲ್ಲಿ ಇನ್ನೂ ಹೆಚ್ಚು ದಿನ ನಿಲ್ಲುವುದುಂಟು.

2021ರ ಮೇ 14ರಂದು ಬಸವ ಜಯಂತಿ. ಕೊರೋನಾ ನಿರ್ಬಂಧವಿದ್ದುದರಿಂದ ಮನೆಯಲ್ಲಿಯೇ ಪೂಜೆ ಮುಗಿಸಿದೆವು. ಅದೇ ದಿನ ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿತವು ಬಲಗೊಳ್ಳುತ್ತಿತ್ತು. ಮುಂದೆ ಅದು ‘ತೌಕ್ತೆ’ ಎಂಬ ಚಂಡಮಾರುತವಾಗಿ, ನಮ್ಮ ಕರಾವಳಿಯ ಪಕ್ಕದ ಕಡಲಿನಲ್ಲಿಯೇ ಉತ್ತರಕ್ಕೆ ಸಾಗಿ, 17ರ ರಾತ್ರಿ ಗುಜರಾತಿನ ದಡ ಸೇರಿತು. ಕಡಲಿಗೂ ನಮ್ಮ ಹಳಿಯಾಳಕ್ಕೂ ನಡುವೆ ಜೋಯಿಡಾದ ಘಟ್ಟಗಳಿವೆ; ಮಳೆಯ ಬಹುಪಾಲನ್ನು ಅವೇ ಇಳಿಸಿಕೊಳ್ಳುತ್ತವೆ. ಆದರೆ ಗಾಳಿಯು ಘಟ್ಟವನ್ನು ದಾಟಿ ನಮ್ಮ ಹಿತ್ತಲಿಗೂ ಬಂದಿತು.

‘ತೌಕ್ತೆ’ ಎಂಬುದು ಮ್ಯಾನ್ಮಾರ್ ದೇಶ ಕೊಟ್ಟ ಹೆಸರು. ಗಟ್ಟಿಯಾಗಿ ದನಿ ಮಾಡುವ ಹಲ್ಲಿ ಎಂದು ಅದರ ಅರ್ಥ. ಗೋಡೆಯ ಹಲ್ಲಿ ಲೊಚಗುಟ್ಟಿದರೆ ಶಕುನ ನೋಡುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಈ ಹಲ್ಲಿಯ ದನಿಯನ್ನಾದರೋ ಹವಾಮಾನ ಇಲಾಖೆ ಮುಂಚಿತವಾಗಿಯೇ ಕೇಳಿಸಿತ್ತು. ರೇಡಿಯೋದಲ್ಲಿ ಕೇಳಿಯೂ ನಾವು ಗೊನೆ ಹೊತ್ತ ಬಾಳೆಗೆ ಬಿದಿರಿನ ಆಸರೆ ಕೊಡಲಿಲ್ಲ.

ಬಾಳೆಯ ಬೇರು ಆಳಕ್ಕೆ ಇಳಿಯುವುದಿಲ್ಲ. ಮೇಲೆ ಗೊನೆಯ ಭಾರ, ಕೆಳಗೆ ನೆನೆದ ಮಣ್ಣು. ಬೆಳಗಾಗುವುದರೊಳಗೆ ಏಳು ಗಿಡಗಳು ಮಲಗಿದ್ದವು. ಅವನ್ನೇ ಎಣಿಸುತ್ತ ನಿಂತೆವು. ದಾಂಡೇಲಿ, ಮುಂಡಗೋಡದ ಬಂಧುಗಳು ದೂರವಾಣಿಯಲ್ಲಿ ವಿಚಾರಿಸಿದಾಗಲೂ ಬಾಳೆಯ ಲೆಕ್ಕವನ್ನೇ ಒಪ್ಪಿಸಿದೆವು.

ಆಗ ಬೇಲಿಯಾಚೆಯಿಂದ ನೆರೆಮನೆಯ ತಾಯಿ ಕೇಳಿದರು: “ಶಾಸ್ತ್ರಿಗಳ, ನಿಮಗ ಏನೂ ಆಗಿಲ್ಲಲ್ರೀ?”

ಆ ಮೇಲೆಯೇ ನಾವು ಅತ್ತ ನೋಡಿದ್ದು. ನಮ್ಮ ನುಗ್ಗೆಯ ಕೊಂಬೆ ಮುರಿದು ಅವರ ದನದ ಕೊಟ್ಟಿಗೆಯ ಮೇಲೆ ಬಿದ್ದಿತ್ತು. ಹಂಚು ಒಡೆದು, ಆಕಳು ಕರುವಿನೊಡನೆ ಅಂಗಳದಲ್ಲಿ ನೆನೆಯುತ್ತ ನಿಂತಿತ್ತು. ಆ ಕೊಂಬೆಯನ್ನು ಕಡಿಸಿರೆಂದು ಅವರು ಬೇಸಿಗೆಯಲ್ಲಿಯೇ ಹೇಳಿದ್ದರು. “ಕಡಿಸೋಣ” ಎಂದು ನಾವು ಮರೆತಿದ್ದೆವು. ಅವರು ಅದನ್ನು ಎತ್ತಿ ಆಡಲಿಲ್ಲ. ಆಡಿದ್ದರೆ ನಮ್ಮ ಮನಸ್ಸು ಹಗುರಾಗುತ್ತಿತ್ತೇನೋ.

ಬಾಳೆಯನ್ನು ಅಲ್ಲಿಯೇ ಬಿಟ್ಟು ಮಕ್ಕಳೊಡನೆ ಹೋಗಿ ಕೊಂಬೆ ಎಳೆದೆವು, ನಮ್ಮ ಅಟ್ಟದಲ್ಲಿದ್ದ ಹಂಚು ಹೊದಿಸಿದೆವು. ಸಂಜೆ ನಮ್ಮ ತೋಟಕ್ಕೆ ಮರಳಿದೆವು. ಬಿದ್ದ ಬಾಳೆಯನ್ನು ಕಡಿದು ಬುಡದ ಕಂದುಗಳನ್ನು ಉಳಿಸಿಕೊಂಡೆವು. ಕಾಯಿ, ದಿಂಡು ಎರಡೂ ಮನೆಗಳ ಪಲ್ಯಕ್ಕಾದವು, ಎಲೆ ಆಕಳಿಗಾಯಿತು. ಮುರಿದ ನುಗ್ಗೆಯಲ್ಲಿ ಗಜದುದ್ದದ ತುಂಡೊಂದನ್ನು ಆ ತಾಯಿಯ ಹಿತ್ತಲಲ್ಲಿ, ಕೊಟ್ಟಿಗೆಯಿಂದ ದೂರವಾಗಿ, ನೆಟ್ಟೆವು.

ತಾಯಂದಿರು, ಮಹನೀಯರು ಮಳೆಗಾಲಕ್ಕೆ ಮುನ್ನ ಹಿತ್ತಲನ್ನೊಮ್ಮೆ ಸುತ್ತಿ ನೋಡಬೇಕು. ನೀರು ಹರಿಯಲು ಕಾಲುವೆ ಬಿಡಿಸಿರಿ, ಬಾಳೆಗೆ ಆಸರೆ ಕೊಡಿರಿ, ನೆರೆಯವರ ಮೇಲೆ ಬಾಗಿದ ಕೊಂಬೆಯನ್ನು ಮೊದಲು ಇಳಿಸಿರಿ. ಗಾಳಿ ನಿಂತ ಮೇಲೆ ತುಂಡಾದ ವಿದ್ಯುತ್ ತಂತಿ ಕಂಡರೆ ಹತ್ತಿರ ಸುಳಿಯದೆ ಹೆಸ್ಕಾಂ ಕಚೇರಿಗೆ ತಿಳಿಸಿರಿ. ಆಮೇಲೆ ನಿಮ್ಮ ಗಿಡಗಳನ್ನು ಎಣಿಸುವ ಮುನ್ನ ಬೇಲಿಯಾಚೆಗೆ ಒಂದು ಮಾತು ಕೇಳಿರಿ.

ಆ ನುಗ್ಗೆಯ ತುಂಡು ಈಗ ಮರವಾಗಿದೆ. ಕಾಯಿ ಬಿಟ್ಟಾಗಲೆಲ್ಲ ಮೊದಲ ಕಟ್ಟು ನಮ್ಮ ಮನೆಗೇ ಬರುತ್ತದೆ. ಪ್ರತಿಸಲವೂ ತಲೆತಗ್ಗಿಸಿ ಸ್ವೀಕರಿಸುತ್ತೇವೆ.