ಪೇಟೆಯ ಕೆಸರು ಬಿಟ್ಟಿ ಗೊಬ್ಬರವಲ್ಲ

ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ. ಆ ನೀರಿನ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. ಸಂಸ್ಕರಣೆ ಆದಮೇಲೆ ಘಟಕದ ತಳದಲ್ಲಿ ಉಳಿಯುವ ಕೆಸರಿನ ಮಾತು ಮಾತ್ರ ಯಾರೂ ಎತ್ತೋದಿಲ್ಲ. ಅಧಿಕಾರಿಗಳ ಬಾಯಲ್ಲಿ ಅದು ಸ್ಲಡ್ಜ್. ಒಣಗಿಸಿ ಹೊಲಕ್ಕೆ ಹಾಕಿ, ಒಳ್ಳೇ ಗೊಬ್ಬರ ಅಂತಾರೆ.

ರೈತ ಬಾಂಧವರೇ, ಇದು ಹೇಸಿಗೆಯ ಪ್ರಶ್ನೆ ಅಲ್ಲ. ತಿಪ್ಪೆ ಹೊತ್ತು ಬೆಳೆದವರಿಗೆ ಗೊಬ್ಬರದಲ್ಲಿ ಎಂಥ ಹೇಸಿಗೆ? ಹುಬ್ಬಳ್ಳಿ-ಧಾರವಾಡದ ಸುತ್ತಿನ ರೈತರು ಪುರಸಭೆಯ ಗುಂಡಿ ಗೊಬ್ಬರವನ್ನು ಹಿಂದೆ ಹರಾಜಿನಲ್ಲಿ ಕೂಗಿ ಒಯ್ಯುತ್ತಿದ್ದರು. ಅದರಲ್ಲಿ ಗಾಜು, ಪ್ಲಾಸ್ಟಿಕ್ಕು ಸೇರುತ್ತಾ ಬಂದಮೇಲೆ ಕೂಗುವವರು ಕಡಿಮೆಯಾದರು. ಗಾಜಾದರೆ ಕಣ್ಣಿಗೆ ಕಾಣ್ತದೆ, ಕಾಲಿಗೆ ಚುಚ್ಚುತ್ತದೆ. ಕೆಸರಿನೊಳಗಿನ ವಿಷ ಕಾಣೋದಿಲ್ಲ. ಮನೆಯ ಪಾಯಖಾನೆ ಗುಂಡಿಯದೇ ಬೇರೆ. ದೊಡ್ಡ ಪಟ್ಟಣದ ಚರಂಡಿಗೆ ಲೋಹಕ್ಕೆ ಮುಲಾಮು ಹಾಕುವ ಕಾರ್ಖಾನೆ, ಬಣ್ಣದ ಕಾರ್ಖಾನೆ ಎಲ್ಲದರ ನೀರೂ ಕದ್ದುಮುಚ್ಚಿ ಸೇರ್ತದೆ.

ಸತ್ವ ಇಲ್ಲ ಅಂತ ನಾನು ಹೇಳೋದಿಲ್ಲ. ನೂರು ಕಿಲೋ ಒಣ ಕೆಸರಿನಲ್ಲಿ ಸಾಮಾನ್ಯವಾಗಿ ಎರಡರಿಂದ ನಾಲ್ಕು ಕಿಲೋ ಸಾರಜನಕ ಇರ್ತದೆ, ರಂಜಕವೂ ಉಂಟು. ಪೊಟ್ಯಾಷ್ ಮಾತ್ರ ಬಹುಪಾಲು ನೀರಿನೊಂದಿಗೇ ಹೋಗಿರ್ತದೆ. 2022ರಲ್ಲಿ ಚೀಲಕ್ಕೆ 1700 ರೂಪಾಯಿ ಮುಟ್ಟಿದ್ದು ಆ ಪೊಟ್ಯಾಷೇ! ಅದನ್ನು ನಾವು ಸಾಲ ಮಾಡಿ ಅಂಗಡಿಯಿಂದಲೇ ತರಬೇಕು.

ನಗರದ ಕಾಂಪೋಸ್ಟಿನಲ್ಲಿ ಕಿಲೋಗೆ 5 ಮಿಲಿಗ್ರಾಂ ಮೀರಿ ಕ್ಯಾಡ್ಮಿಯಂ ಇರಬಾರದು ಅಂತ ರಸಗೊಬ್ಬರ ನಿಯಂತ್ರಣ ಆಜ್ಞೆ ಹೇಳ್ತದೆ. ಅಷ್ಟೇ ಇದೆ ಅಂತಿಟ್ಟುಕೊಳ್ಳಿ. ಎಕರೆಗೆ 5 ಟನ್ ಹಾಕಿದರೆ ಒಂದು ಸಲಕ್ಕೆ 25 ಗ್ರಾಂ ಬಿತ್ತು. ಬಿದ್ದ ಲೋಹ ಮಳೆಗೆ ತೊಳೆದು ಹೋಗೋದಲ್ಲ, ವರ್ಷವರ್ಷ ಕೂಡ್ತಾ ಹೋಗ್ತದೆ. ಸೊಪ್ಪುಸದೆ ಅದನ್ನು ಬೇಗ ಹೀರುತ್ತದೆ, ಹುಳಿ ಮಣ್ಣಿನಲ್ಲಂತೂ ಇನ್ನೂ ಹೆಚ್ಚು.

ಅಮೆರಿಕದ ಮೇನ್ ರಾಜ್ಯದ ಕಥೆ ಕೇಳಿ. ಅಲ್ಲಿನ ರೈತರು ಸರ್ಕಾರದ ಪರವಾನಗಿ ಇದ್ದ ಕೆಸರನ್ನೇ ದಶಕಗಟ್ಟಲೆ ಹೊಲಕ್ಕೆ ಹಾಕಿದರು. ಕೊನೆಗೆ ಪಿಎಫ್‌ಎಎಸ್ ಎಂಬ ಎಂದೂ ಕರಗದ ರಾಸಾಯನಿಕ ಬಾವಿ ನೀರಲ್ಲಿ, ಹುಲ್ಲಲ್ಲಿ, ಹಸುವಿನ ಹಾಲಲ್ಲಿ ಸಿಕ್ಕಿತು. ಹಾಲು ಮಾರುವಂತಿಲ್ಲ, ಹೊಲ ಮಾರಿದರೆ ಕೊಳ್ಳುವವರಿಲ್ಲ. 2022ರಲ್ಲಿ ಆ ರಾಜ್ಯ ಕೆಸರನ್ನು ಹೊಲಕ್ಕೆ ಹಾಕುವುದನ್ನೇ ನಿಷೇಧಿಸಿ, ರೈತರ ನೆರವಿಗೆ 6 ಕೋಟಿ ಡಾಲರ್ ನಿಧಿ ಇಡಬೇಕಾಯಿತು. ನಮ್ಮಲ್ಲಿ ಹಾಗಾದರೆ ಯಾರು ನಿಧಿ ಇಡ್ತಾರೆ? ಬ್ಯಾಂಕಿನವರು ಅಡಮಾನ ಬರೆಸಿಕೊಂಡಿರೋದು ಅದೇ ನೆಲವನ್ನು. ನೆಲ ಕೆಟ್ಟಿತು ಅಂತ ಬಡ್ಡಿ ನಿಲ್ಲೋದಿಲ್ಲ.

ಲೆಕ್ಕ ಸರಳ. ಕೆಸರನ್ನು ಹೂಳಬೇಕಾದರೆ ಪಟ್ಟಣಕ್ಕೆ ಜಾಗ ಬೇಕು, ಖರ್ಚು ಬೇಕು. ನಮ್ಮ ಹೊಲಕ್ಕೆ ಸುರಿದರೆ ಆ ಖರ್ಚು ಅವರಿಗೆ ಉಳೀತು. ಆ ಉಳಿತಾಯದಲ್ಲಿ ರೈತನ ಪಾಲೆಷ್ಟು? ನಗರ ಕಾಂಪೋಸ್ಟಿಗೆ ಅಂತ 2016ರಲ್ಲಿ ಕೇಂದ್ರ ಸರ್ಕಾರ ಟನ್ನಿಗೆ 1500 ರೂಪಾಯಿ ನೆರವು ಗೊತ್ತುಮಾಡಿತು. ಬೆಲೆ ಇಳಿಸಲೆಂದು ಹೇಳಿ ಅದನ್ನೂ ಕಂಪನಿಗಳ ಕೈಗೇ ಕೊಟ್ಟರು.

ಆದ್ದರಿಂದ ಕೆಸರಿನ ಲಾರಿ ಊರಿಗೆ ಬಂದರೆ ಮೊದಲು ಆ ಲೋಡಿನ ಪರೀಕ್ಷಾ ವರದಿ ಕೇಳಿ, ಮೊಹರು ಇರುವಂಥದ್ದು. ಲೋಹದ ಲೆಕ್ಕದ ಜೊತೆಗೆ ಜಂತುಹುಳದ ಮೊಟ್ಟೆ ಸಾಯುವಷ್ಟು ಬಿಸಿಯಲ್ಲಿ ಕಳಿಸಿದ್ದಾರೋ ಇಲ್ಲವೋ ಅದರಲ್ಲಿರಲಿ. ಸಾಗಣೆ ಖರ್ಚು ಅವರದು, ವರ್ಷಕ್ಕೊಮ್ಮೆ ನಮ್ಮ ಮಣ್ಣಿನ ಪರೀಕ್ಷೆಯೂ ಅವರದು. ನೆಲ ಕೆಟ್ಟರೆ ಪರಿಹಾರ ಕೊಡ್ತೀವಿ ಅಂತ ಗ್ರಾಮ ಪಂಚಾಯ್ತಿಗೆ ಬರೆದುಕೊಡಲಿ. ಬರೆದುಕೊಡಲಾರೆವು ಅಂದರೆ ಲಾರಿ ಬಂದ ದಾರಿಯಲ್ಲೇ ವಾಪಸ್ಸು ಹೋಗಲಿ.